ಮೂರು ಸೈಕಲ್ಲುಗಳ ಮರ್ಯಾದೆ

ದೈವಾನುಗ್ರಹದಿಂದ ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ಸೈಕಲ್ ವಿದ್ಯೆ ಸಿದ್ಧಿಸಿತು. ಕೆಳಮಂಗಲದ ಕೆರೆ ಏರಿಯ ಮೇಲೆ ಮೂರು ತಿಂಗಳು ಸಾಧನೆ ಮಾಡಿ, ಬೀಳದೆ ಇಳಿಯುವುದನ್ನೂ ಕಲಿತಿದ್ದೆ. ಆದಕಾರಣ, ರಾಯಕೋಟೆಯ ಮದುವೆಯೊಂದಕ್ಕೆ ಪುರೋಹಿತನಾಗಿ ಹೊರಟ ದಿನ, ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹೊರಡುವುದಿಲ್ಲವೆಂದು ತಿಳಿದಾಗ ನಾನು ಕಿಂಚಿತ್ತೂ ವಿಚಲಿತನಾಗಲಿಲ್ಲ.

ಅಂದು ಶುಕ್ರವಾರ. ಹತ್ತೂವರೆಗೆ ರಾಹುಕಾಲ ಬರುವುದರೊಳಗೆ ಧಾರೆಯಾಗಬೇಕು. ತಪ್ಪಿದರೆ ಮದುವೆಯ ಹುಡುಗಿಗೆ ಎರಡು ತಿಂಗಳವರೆಗೆ ಬೇರೆ ಮುಹೂರ್ತವಿಲ್ಲ. ಲಗ್ನವಿಟ್ಟವನು ನಾನೇ.

ಹುಡುಗಿಯ ಸೋದರಮಾವಂದಿರಾದ ಮುನಿಯಪ್ಪ, ತಿಮ್ಮರಾಯಿ ನಮ್ಮ ಬೀದಿಯವರೇ. ಅವರೂ ಮದುವೆಯ ಸಾಮಾನಿನ ಚೀಲಗಳನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡು ಸೈಕಲ್ಲಿನಲ್ಲಿ ಜೊತೆಗೆ ಹೊರಟರು.

“ಅವರು ತರಕಾರಿ ಮೂಟೆ ಹೇರ್ಕೊಂಡು ಸಂತೆಗೆ ತುಳಿಯೋರು. ಅವರ ಸಮಕ್ಕೆ ನೀವು ತುಳಿತೀರಾ?” ಎಂದಳು ನನ್ನ ಧರ್ಮಪತ್ನಿ.

“ಮೂಟೆ ಹೇರಿ ಸವೆದ ದೇಹಗಳು ಅವು. ನಾನೇ ಅವರನ್ನು ಕಾದುಕೊಳ್ಳಬೇಕು,” ಎಂದೆ.

ಹೊರಡುವ ಮುನ್ನ ಸಹಪ್ರಯಾಣದ ಧರ್ಮವನ್ನು ಸವಿಸ್ತಾರವಾಗಿ ಬೋಧಿಸಿದೆ. ಬಲಿಷ್ಠನು ದುರ್ಬಲನನ್ನು ಬಿಟ್ಟು ಹೋಗಕೂಡದು. ದಣಿದವನನ್ನು ದಣಿದೆಯಾ ಎಂದು ಕೇಳಿ ನಾಚಿಸಕೂಡದು. ಇಬ್ಬರೂ ಕೈಮುಗಿದು ಕೇಳಿದರು.

ಮೊದಲ ದಿಣ್ಣೆ ಬಂದಿತು. ಏದುಸಿರು ಬಿಡುತ್ತ ನಾನು ಇಳಿದೆ. ಹಿಂತಿರುಗಿ ನೋಡಿದರೆ ಅವರಿಬ್ಬರೂ ಇಳಿದು ಸೈಕಲ್ ತಳ್ಳುತ್ತಿದ್ದಾರೆ. ಪಾಪ, ಆಗಲೇ ದಣಿದರಲ್ಲ ಎಂದು ಕನಿಕರವಾಯಿತು. ನಾಚಿಸಬಾರದೆಂದು ಏನೂ ಕೇಳಲಿಲ್ಲ. ಎರಡನೆಯ ದಿಣ್ಣೆಯಲ್ಲೂ ಹಾಗೆಯೇ. ಸಮತಟ್ಟಿನಲ್ಲಿ ಅವರಿಗಾಗಿ ನಿಧಾನ ಮಾಡಿದೆ; ಅವರು ಇನ್ನೂ ನಿಧಾನ ಮಾಡಿದರು. ಕೊನೆಗೆ ಕರುಣೆ ತಡೆಯಲಾರದೆ ಹೊಂಗೆಯ ನೆರಳೊಂದರಲ್ಲಿ ಕುಳಿತೆ. ಅವರೂ ಕುಳಿತರು. ಅವರು ಚೇತರಿಸಿಕೊಂಡು ಏಳಲೆಂದು ಕಣ್ಣುಮುಚ್ಚಿ ಜಪದಲ್ಲಿ ತೊಡಗಿದೆ. ಯಾರೂ ಏಳಲಿಲ್ಲ.

“ಇವ್ರು ಎದ್ದೇಳಂಗೆ ಕಾಣಾಕಿಲ್ಲ ಕಣ್ಲಾ. ಮುಹೂರ್ತ ಹೋಗ್ಬುಡ್ತದೆ,” ಎಂದು ತಿಮ್ಮರಾಯಿ ಪಿಸುಗುಟ್ಟಿದ.

“ಸುಮ್ಕಿರ್ಲಾ. ದೊಡ್ಡೋರು, ಸುಸ್ತಾಗವ್ರೆ. ಕೇಳಿ ನಾಚಿಸಬ್ಯಾಡ ಅಂತ ಅವ್ರೇ ಹೇಳವ್ರೆ,” ಎಂದ ಮುನಿಯಪ್ಪ.

ನಾನು ಕಣ್ಣು ತೆರೆದೆ. “ದಣಿದವರು ನೀವಲ್ಲವೇನಯ್ಯಾ? ದಿಣ್ಣೆ ದಿಣ್ಣೆಗೂ ಇಳಿದಿರಿ!”

“ಅದೇನ್ ಸ್ವಾಮಿ ಹಿಂಗಂತೀರಾ? ನೀವು ನಡ್ಕೊಂಡು ಹೋಯ್ತಿದ್ರೆ ನಾವು ಸೈಕಲ್ ಮ್ಯಾಲೆ ಕುಂತಿರಕ್ಕಾಯ್ತದಾ? ದೊಡ್ಡೋರ್ನ ಕಂಡ್ರೆ ಇಳೀಬೇಕಲ್ವಾ?” ಎಂದ ತಿಮ್ಮರಾಯಿ.

ಎದ್ದು ಬಿಸಿಲಿಗೆ ಬಂದು, ಹೊತ್ತೆಷ್ಟೆಂದು ತಿಳಿಯಲು ನನ್ನ ನೆರಳನ್ನು ಅಳೆದು ನೋಡಿದೆ. ರಾಹುಕಾಲಕ್ಕೆ ಉಳಿದಿದ್ದುದು ಹೆಚ್ಚೆಂದರೆ ಒಂದು ಗಂಟೆ. ದಾರಿ ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿಯಿತ್ತು.

“ಹಾಗಾದರೆ ನನ್ನನ್ನು ಬಿಟ್ಟು ನೀವು ಮುಂದೆ ಹೋಗಿ,” ಎಂದೆ.

“ಹೋಗಿ? ಮಂತ್ರ ಯಾರ್ ಹೇಳಾದು, ತಿಮ್ಮರಾಯೀನಾ?” ಎಂದ ಮುನಿಯಪ್ಪ. “ಹತ್ತಿ ಸ್ವಾಮಿ, ಕ್ಯಾರಿಯರ್ ಮ್ಯಾಲೆ. ನೂರು ಸೇರು ಬದನೇಕಾಯಿ ಹೊತ್ತದೆ ಇದು.”

ಮಡಿಪಂಚೆಯನ್ನು ಎತ್ತಿಕಟ್ಟಿ, ಎರಡೂ ಕಡೆಗೆ ಕಾಲುಹಾಕಿ, ಮುನಿಯಪ್ಪನ ಸೊಂಟವನ್ನು ಭಕ್ತಿಯಿಂದ ಹಿಡಿದುಕೊಂಡೆ. ತಿಮ್ಮರಾಯಿ ಒಂದು ಕೈಯಲ್ಲಿ ತನ್ನ ಸೈಕಲ್ಲು, ಇನ್ನೊಂದರಲ್ಲಿ ನನ್ನದನ್ನು ಹಿಡಿದು ಹಿಂದೆಯೇ ಹಾರಿಬಂದ. ಆ ದಿಣ್ಣೆಗಳೆಲ್ಲ ಎಲ್ಲಿ ಹೋದವೋ ತಿಳಿಯಲಿಲ್ಲ.

ಚಪ್ಪರದ ಬಾಗಿಲಲ್ಲಿ ಹುಡುಗಿಯ ತಂದೆ ಕಂಗಾಲಾಗಿ ನಿಂತಿದ್ದ. “ಸಾಮಾನೆಲ್ಲಾ ಬಂತೇನ್ಲಾ ಮುನಿಯಪ್ಪ?”

“ಬಂದದೆ ಭಾವ. ಸ್ವಾಮ್ಗೋಳ್ನ ಒಬ್ರನ್ನ ಇಳಿಸ್ಕೊಂಡ್ರೆ ಆಯ್ತು.”

ಇಬ್ಬರು ಸೇರಿ ನನ್ನನ್ನು ಇಳಿಸಿದರು. ಕಾಲುಗಳು ನನ್ನವೆಂಬ ಅರಿವೇ ಇರಲಿಲ್ಲ. ಎತ್ತಿ ತಂದು ಮಣೆಯ ಮೇಲೆ ಇಟ್ಟರು. ಧಾರೆ ಸಕಾಲದಲ್ಲಿ ನಡೆಯಿತು. ಅಕ್ಷತೆಯ ಹೊತ್ತಿಗೆ ಏಳಲು ಎರಡು ಬಾರಿ ಯತ್ನಿಸಿ, ಕುಳಿತೇ ಹರಸಿದೆ. ಪುರೋಹಿತರೇ ಕುಳಿತಿರುವಾಗ ತಾವು ನಿಲ್ಲುವುದು ಹೇಗೆಂದು ಚಪ್ಪರಕ್ಕೆ ಚಪ್ಪರವೇ ಕುಳಿತು ಅಕ್ಷತೆ ಹಾಕಿತು.

ರಾಯಕೋಟೆಯ ಕೆಲವು ಮನೆಗಳಲ್ಲಿ ಈಗ ಕುಳಿತೇ ಅಕ್ಷತೆ ಹಾಕುತ್ತಾರಂತೆ. ಕೇಳಿದವರಿಗೆ ಅದು ಶಾಸ್ತ್ರವೆನ್ನುತ್ತಾರೆ. ಅದು ಶಾಸ್ತ್ರವಲ್ಲ, ನನ್ನ ತೊಡೆಗಳೆಂದು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.