ಫಿನ್‌ಬಾರನ ಮೆಲುಕು

ಮೇ ತಿಂಗಳು ಹುಟ್ಟಿ ಹತ್ತು ದಿನವಾಗಿತ್ತು. ಲಾಕ್‌ಡೌನಿನ ದೆಸೆಯಿಂದ ಐರಿಶ್ ಊರು ಕ್ಲಾಂಡಾಲ್ಕಿನ್ನಿನ ಆ ಬಡಾವಣೆಯಲ್ಲಿ ಹುಲ್ಲು ಕತ್ತರಿಸುವವರಿಲ್ಲದೆ ಹಾದಿಬದಿಯಲ್ಲೆಲ್ಲ ಡ್ಯಾಂಡಿಲೈಯನ್ ಹಳದಿ ಹೂ ಬಿಟ್ಟು ನಿಂತಿತ್ತು. ಒಂಬತ್ತೂವರೆಯ ಆಫೀಸ್ ಕಾಲ್‌ಗೆ ಮೊದಲು ಸತ್ಯಪ್ರಕಾಶ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಅದರ ಎಲೆ ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದ. ಎಲೆ ಫಿನ್‌ಬಾರನಿಗೆ. ಫಿನ್‌ಬಾರ್ ಎಂದರೆ ಮನೆಯೊಡತಿ ಮಿಸೆಸ್ ಕೀಟಿಂಗ್ ಸಾಕಿದ ಆಮೆ. ನಲವತ್ತು ದಾಟಿತ್ತು, ಸತ್ಯಪ್ರಕಾಶನಿಗಿಂತ ಆರು ವರ್ಷ ದೊಡ್ಡದು.

ಮಿಸೆಸ್ ಕೀಟಿಂಗ್ ಪಕ್ಕದ ಮನೆಯಲ್ಲೇ ಇರುವವರು. ಮಾರ್ಚಿನಲ್ಲಿ, ಹತ್ತು ದಿನಕ್ಕೆಂದು ದೂರದ ಕಾರ್ಕಿನ ಲಿಟಲ್ ಐಲ್ಯಾಂಡಿನಲ್ಲಿದ್ದ ಮಗನ ಮನೆಗೆ ಹೋದವರು ಅಲ್ಲೇ ಸಿಕ್ಕಿಕೊಂಡಿದ್ದರು. ಆಮೆಯ ಪೆಟ್ಟಿಗೆ ಬಾಡಿಗೆಮನೆಯ ಸತ್ಯಪ್ರಕಾಶನ ಪಾಲಿಗೆ ಬಂದಿತ್ತು. ಬಾಡಿಗೆ ಅಗ್ರಿಮೆಂಟು ಜೂನಿಗೆ ಮುಗಿಯುತ್ತಿತ್ತು. ಎರಡೂ ಮನೆ ಮಾರಿಬಿಡು ಎಂದು ಮಗ ಮುದುಕಿಯ ಬೆನ್ನು ಹತ್ತಿದ್ದಾನೆಂಬ ಸುದ್ದಿಯಿತ್ತು. ಹೆಂಡತಿ ಗೀತಾಳಿಗೆ ಏಳು ತಿಂಗಳು. ಈ ಲಾಕ್‌ಡೌನಿನಲ್ಲಿ ಬೇರೆ ಮನೆ ಹುಡುಕುವುದನ್ನು ನೆನೆದರೇ ಅವನಿಗೆ ಬೆವರು ಬರುತ್ತಿತ್ತು. ಹೀಗಾಗಿ ಆಮೆಯ ಉಪಚಾರದಲ್ಲಿ ಅವನು ಒಂದು ದಿನವೂ ತಪ್ಪಿದವನಲ್ಲ.

ಅವನು ತುರುವೇಕೆರೆ ಕಡೆಯವನು. ಕಾಲೇಜಿಗೆ ಹೋಗುವವರೆಗೆ ದಿನಕ್ಕೆರಡು ಹೊತ್ತು ಹಾಲು ಕರೆದು ಬೆಳೆದವನು. ಹಸು ಮಲಗಿ ಮೆಲುಕು ಹಾಕುತ್ತಿದ್ದರೆ ಮನೆಯವರು ನಿಶ್ಚಿಂತೆಯಿಂದ ಇರಬಹುದು, ಮೆಲುಕು ನಿಂತರೆ ಡಾಕ್ಟರನ್ನು ಕರೆಯಬೇಕು. ಅವನು ಬಲ್ಲ ಪಶುವೈದ್ಯಕೀಯ ಅಷ್ಟೆ. ಅದೇ ಅಭ್ಯಾಸದಲ್ಲಿ ಪೆಟ್ಟಿಗೆಗೆ ಒಣಹುಲ್ಲು ಹಾಸಿದ್ದ. ಮುದಿಪ್ರಾಣಿಯೆಂದು ಸೊಪ್ಪನ್ನು ನುಣ್ಣಗೆ ಅರೆದು, ಕರುವಿಗೆ ಗಂಜಿ ಕಲಸಿದ ಹಾಗೆ ಕಲಸಿ ಇಡುತ್ತಿದ್ದ. ಮೂರು ದಿನದಿಂದ ಫಿನ್‌ಬಾರ್ ಬಾಯಲ್ಲಿ ಏನೂ ಇಲ್ಲದೆ ದವಡೆಯನ್ನು ಅತ್ತಿತ್ತ ಆಡಿಸುತ್ತ ಕೂರುತ್ತಿದ್ದುದನ್ನು ನೋಡಿ ಅವನಿಗೆ ತುಂಬು ಸಮಾಧಾನವಾಗಿತ್ತು. ಆ ಬೆಳಿಗ್ಗೆ ಅದನ್ನು ವಿಡಿಯೊ ಮಾಡಿ, ‘ಊಟವಾದ ಮೇಲೆ ಮೆಲುಕು ಹಾಕುತ್ತಿದ್ದಾನೆ, ಆರೋಗ್ಯ ಗ್ರ್ಯಾಂಡ್’ ಎಂದು ಮಿಸೆಸ್ ಕೀಟಿಂಗರಿಗೆ ಕಳಿಸಿದ.

ಎರಡು ನಿಮಿಷಕ್ಕೆ ಫೋನು ಬಂತು.

“ಸತ್ಯ, ಆಮೆ ಮೆಲುಕು ಹಾಕೋದಿಲ್ಲ.” ಮುದುಕಿಯ ಇಂಗ್ಲಿಷು ಅಂದು ನಿಧಾನವಾಗಿತ್ತು, ಅದಕ್ಕೇ ಅವನಿಗೆ ಹೆದರಿಕೆಯಾಯಿತು. “ನಲವತ್ತು ವರ್ಷದಲ್ಲಿ ಒಂದು ದಿನಾನೂ ಹಾಕಿಲ್ಲ. ಅವನು ಕೊನೇ ಸಲ ಏನಾದ್ರೂ ನುಂಗಿದ್ದು ಯಾವಾಗ?”

“ತಟ್ಟೆ ದಿನಾ ಖಾಲಿ ಆಗ್ತಿತ್ತು...”

“ನೀನು ಕಣ್ಣಾರೆ ನೋಡಿದ್ಯಾ?”

ಸತ್ಯಪ್ರಕಾಶ ತಟ್ಟೆಯ ಕಡೆ ತಿರುಗಿದ. ಎರಡು ಮ್ಯಾಗ್‌ಪೈ ಹಕ್ಕಿಗಳು ಬೀಗರ ಮನೆಗೆ ಬಂದವರಂತೆ ಕೂತು ಗಂಜಿ ಮುಗಿಸುತ್ತಿದ್ದವು.

“ನಾಲ್ಕು ಗಂಟೆಗೆ ವಿಡಿಯೊ ಕಾಲ್ ಮಾಡ್ತೀನಿ. ಅವನು ತಿನ್ನೋದನ್ನ ನಾನು ನೋಡ್ಬೇಕು. ಮನೆ ವಿಷಯಾನೂ ಆಗಲೇ ಹೇಳ್ತೀನಿ,” ಎಂದು ಮುದುಕಿ ಫೋನಿಟ್ಟರು.

ಬೇಲಿಯಾಚೆಯಿಂದ ಗುರುಪ್ರಸಾದ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬೆಂಗಳೂರಿನವನು, ಇನ್ನೊಂದು ಪಕ್ಕದ ಮನೆಯವನು. ಮಾಸ್ಕನ್ನು ಗದ್ದಕ್ಕೆ ಹಾಕಿಕೊಂಡು ಸಲಹೆ ಕೊಡುವುದು ಅವನ ಲಾಕ್‌ಡೌನಿನ ಉದ್ಯೋಗ.

“ಲೋ ಸತ್ಯ, ಹಲ್ಲುನೋವಿರ್ಬೇಕು. ಒಂದು ಲವಂಗ ಇಡು.”

“ಆಮೆಗೆ ಹಲ್ಲೇ ಇಲ್ಲ ಕಣೋ.”

“ಮತ್ತೆ ಅದೇ ತೊಂದ್ರೆ. ಹಲ್ಲಿಲ್ದೆ ಹೆಂಗೆ ಅಗಿಯುತ್ತೆ, ನೀನೇ ಹೇಳು.”

ಅಷ್ಟಕ್ಕೇ ಬಿಡದೆ ಕನ್ನಡದವರ ವಾಟ್ಸ್ಯಾಪ್ ಗುಂಪಿಗೂ ಹಾಕಿಬಿಟ್ಟ. ಡನ್‌ಡಾಕಿನ ಸಾವಿತ್ರಿ ಬಿಸಿನೀರಿನ ಸ್ನಾನ ಹೇಳಿದರು. ಇನ್ನೊಬ್ಬರು ಜೀರಿಗೆ ಕಷಾಯ ಎಂದರು. ಮತ್ತೊಬ್ಬರು ಆಮೆಯನ್ನು ಉತ್ತರಕ್ಕೆ ಮುಖ ಮಾಡಿ ಕೂರಿಸಿದ್ದೀರಾ ಎಂದು ವಿಚಾರಿಸಿದರು. ಗೀತಾ ಗಂಡನ ಕೈಯಿಂದ ಮೊಬೈಲು ಕಿತ್ತುಕೊಂಡು, “ರೀ, ಮೊದ್ಲು ಡಾಕ್ಟರಿಗೆ ಫೋನ್ ಮಾಡಿ,” ಎಂದು, ಆಮೆ ನೋಡುವ ಕ್ಲಿನಿಕ್ಕಿನ ನಂಬರು ಹುಡುಕಿ ಕೊಟ್ಟಳು.

ಅಷ್ಟರಲ್ಲಿ ಆಫೀಸ್ ಕಾಲ್ ಶುರುವಾಗಿತ್ತು. ಸತ್ಯಪ್ರಕಾಶ ಲ್ಯಾಪ್‌ಟಾಪಿನ ಮುಂದೆ ಕೂತೇ ಕ್ಲಿನಿಕ್ಕಿಗೆ ಫೋನು ಹಚ್ಚಿದ. ಮೈಕು ಆಫ್ ಮಾಡುವುದನ್ನು ಮರೆತ.

“ಮೂರು ದಿನದಿಂದ ಊಟ ಬಿಟ್ಟಿದ್ದಾನೆ. ಸುಮ್ಮನೆ ಬಾಯಿ ಆಡಿಸ್ತಾನೆ. ವಯಸ್ಸು ನಲವತ್ತರ ಮೇಲೆ. ಮೈ ತಣ್ಣಗಿದೆ. ಇಲ್ಲ, ಹಾಸಿಗೆ ಇಲ್ಲ, ಪೆಟ್ಟಿಗೇಲೇ ಮಲಗಿಸ್ತೀವಿ, ಹುಲ್ಲು ಹಾಸಿ.”

ಅವನು ಫೋನಿಟ್ಟಾಗ ತೆರೆಯ ಮೇಲಿನ ಹನ್ನೊಂದು ಮುಖಗಳೂ ಅಲ್ಲಾಡದೆ ಅವನನ್ನೇ ನೋಡುತ್ತಿದ್ದವು. ಮ್ಯಾನೇಜರ್ ಜೋಯಲ್ ಮಂಗಳೂರಿನವನು, ಇಂಗ್ಲಿಷು ಬಿಟ್ಟು ಮೆಲ್ಲಗೆ ಕನ್ನಡದಲ್ಲಿ ಕೇಳಿದ: “ಸತ್ಯ, ಮನೆಯಲ್ಲಿ ಯಾರನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದೀರಿ ಮಾರಾಯ್ರೆ?”

ವಿವರಿಸಿ ಮುಗಿಸುವಷ್ಟರಲ್ಲಿ ಹನ್ನೊಂದೂವರೆ. ಕ್ಲಿನಿಕ್ಕಿನವರು ಎರಡು ಗಂಟೆಗೆ ಬರಹೇಳಿದ್ದರು. ಅದು ಇದ್ದದ್ದು ಎಂಟು ಕಿಲೋಮೀಟರ್ ದೂರದಲ್ಲಿ. ಜನ ಓಡಾಡಲು ಇದ್ದ ಮಿತಿ ಐದು.

ಬಟ್ಟೆ ಒಗೆಯುವ ಟಬ್ಬಿನಲ್ಲಿ ಹಳೇ ಪಂಚೆ ಹಾಸಿ, ಫಿನ್‌ಬಾರನನ್ನು ಕೂರಿಸಿ, ಟಬ್ಬಿಗೆ ಸೀಟ್‌ಬೆಲ್ಟ್ ಬಿಗಿದು ಹೊರಟ. ದೊಡ್ಡ ರಸ್ತೆಗೆ ಬರುತ್ತಲೇ ಪೊಲೀಸ್ ಚೆಕ್‌ಪಾಯಿಂಟು. ಮುಂದೆ ಇಪ್ಪತ್ತು ಕಾರು. ಸಾಲು ಆಮೆಯೇ ನಾಚುವಂತೆ ತೆವಳಿತು. ಅವನ ಸರದಿ ಬಂದಾಗ ಒಂದೂ ಐವತ್ತು. ಗಾರ್ಡಾ ಎಂದು ಕರೆಸಿಕೊಳ್ಳುವ ಅಲ್ಲಿನ ಎತ್ತರದ ಪೊಲೀಸಿನವನೊಬ್ಬ ಕಿಟಕಿಯಿಂದ ಎರಡು ಮಾರು ದೂರ ನಿಂತು, ಎಲ್ಲಿಗೆ ಎಂದ.

“ಆಮೆ ಅಗೀತಾ ಇದೆ ಸರ್.”

“ಏನನ್ನ?”

“ಏನೂ ಇಲ್ಲ ಸರ್. ಅದೇ ಎಮರ್ಜೆನ್ಸಿ.”

ಗಾರ್ಡಾ ಬಗ್ಗಿ ಟಬ್ಬನ್ನು ನೋಡಿದ. ಫಿನ್‌ಬಾರ್ ತಲೆ ಹೊರಹಾಕಿ, ಸಾಕ್ಷಿ ಹೇಳಲು ಬಂದ ಊರ ಹಿರಿಯನಂತೆ ಅವನನ್ನು ದಿಟ್ಟಿಸಿ, ನಿಧಾನವಾಗಿ ಎರಡು ಸಲ ಅಗಿದ. “ಮೂವತ್ತು ವರ್ಷ ಸರ್ವಿಸಿನಲ್ಲಿ ಇಂಥ ಕಾರಣ ಕೇಳಿಲ್ಲ,” ಎಂದು ಗಾರ್ಡಾ ಕೈ ಬೀಸಿ ದಾರಿ ಬಿಟ್ಟ.

ಕ್ಲಿನಿಕ್ಕಿನಲ್ಲಿ ಟಬ್ಬನ್ನು ಬಾಗಿಲಲ್ಲೇ ಒಳಗೆ ತೆಗೆದುಕೊಂಡರು. ಸತ್ಯಪ್ರಕಾಶ ಕಾರಿನಲ್ಲಿ ಕೂತು ಒಂದು ಗಂಟೆ ಉಗುರು ಕಚ್ಚಿದ. ಮೂರು ಗಂಟೆಗೆ ವೈದ್ಯೆ ಹೊರಬಂದು, ಉಗುರುದ್ದದ ಹುಲ್ಲುಕಡ್ಡಿಯೊಂದನ್ನು ಎತ್ತಿ ತೋರಿಸಿದರು.

“ಅಂಗುಳಕ್ಕೆ ಅಡ್ಡ ಸಿಕ್ಕಿತ್ತು. ಅದನ್ನ ತೆಗೆಯೋಕೆ ಬಾಯಿ ಆಡಿಸ್ತಿತ್ತು. ಪೆಟ್ಟಿಗೆಗೆ ಹುಲ್ಲು ಯಾರು ಹಾಸಿದ್ದು?”

ಸತ್ಯಪ್ರಕಾಶ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡ.

“ಮೇಲಿನ ಕೊಕ್ಕೂ ಬೆಳೆದಿತ್ತು, ಸವೆಸಿ ಸರಿಮಾಡಿದ್ದೀನಿ. ಅರೆದ ಸೊಪ್ಪು ಕೊಟ್ಟರೆ ಕೊಕ್ಕು ಸವೆಯೋದಾದ್ರೂ ಹೇಗೆ? ಗಟ್ಟಿ ಎಲೆ ಇಡೀದಾಗಿ ಕೊಡಿ, ಚಪ್ಪಡಿ ಕಲ್ಲಿನ ಮೇಲಿಟ್ಟು ಕೊಡಿ. ಖಾಲಿ ಬಾಯಿ ಅಗಿಯೋದು ಕಂಡ್ರೆ ಅವತ್ತೇ ಬಾಯೊಳಗೆ ನೋಡಬೇಕು. ಇದು ಹಸುವಲ್ಲ.”

ಮನೆ ಸೇರಿದಾಗ ನಾಲ್ಕಕ್ಕೆ ಮೂರು ನಿಮಿಷ. ಗೀತಾ ಹಿತ್ತಲ ಕಲ್ಲು ತೊಳೆದು ಎಲೆ ಹರಡಿದ್ದಳು. ಬೇಲಿಯ ಮೇಲೆ ಗುರುಪ್ರಸಾದನ ತಲೆ. ಮೊಬೈಲಿನಲ್ಲಿ ಮಿಸೆಸ್ ಕೀಟಿಂಗ್ ಕನ್ನಡಕ ಸರಿಮಾಡಿಕೊಂಡರು. ಫಿನ್‌ಬಾರ್ ಎಲೆಯನ್ನು ಮೂಸಿದ. ತಲೆ ಹಿಂದಕ್ಕೆಳೆದುಕೊಂಡ. ಆಮೇಲೆ ಕತ್ತು ಚಾಚಿ ಕರಕ್ಕೆಂದು ಒಂದು ತುಂಡು ಕಡಿದು, ಅಗಿದು, ನುಂಗಿದ.

ಮುದುಕಿ ಅತ್ತರು. ನಡೆದದ್ದನ್ನೆಲ್ಲ, ಚೆಕ್‌ಪಾಯಿಂಟಿನ ಕತೆಯನ್ನೂ, ಸತ್ಯಪ್ರಕಾಶ ಹೇಳಿದ. ಹುಲ್ಲು ಹಾಸಿದವರು ಯಾರೆಂಬುದೊಂದು ಬಿಟ್ಟು.

“ಈಗ ಮನೆ ವಿಷಯ,” ಎಂದರು ಮಿಸೆಸ್ ಕೀಟಿಂಗ್. ಗೀತಾ ಗಂಡನ ಮೊಣಕೈ ಹಿಡಿದುಕೊಂಡಳು. “ಎರಡೂ ಮನೆ ಮಾರಿ ಇಲ್ಲೇ ಬಂದ್ಬಿಡು ಅಂತ ಮಗ ಎರಡು ವರ್ಷದಿಂದ ಹೇಳ್ತಿದ್ದಾನೆ. ನಾನೇ ಒಪ್ಪಿರಲಿಲ್ಲ. ಸೊಸೆಗೆ ಪ್ರಾಣಿ ಅಂದ್ರೆ ಆಗೋಲ್ಲ. ಫಿನ್‌ಬಾರನ್ನ ಯಾರ ಕೈಲಿ ಬಿಟ್ಟು ಬರಲಿ, ಅದೇ ಚಿಂತೆ. ಇವತ್ತು ಆ ಚಿಂತೆ ಹೋಯ್ತು, ಸತ್ಯ. ಅವನಿಗೋಸ್ಕರ ಪೊಲೀಸರನ್ನೂ ಎದುರಿಸಿದೆ ನೀನು.”

ಸತ್ಯಪ್ರಕಾಶನ ನಗು ನೆಟ್‌ವರ್ಕ್ ಹೋದವರ ಮುಖದಂತೆ ಇದ್ದಲ್ಲೇ ನಿಂತಿತು.

“ಮನೆ ಮಾರ್ತೀನಿ. ಅವಸರ ಇಲ್ಲ, ಸೆಪ್ಟೆಂಬರ್ ತನಕ ಇರಿ. ಫಿನ್‌ಬಾರ್ ಇನ್ನು ನಿನ್ನವನು.”

“ಮಿಸೆಸ್ ಕೀಟಿಂಗ್, ಅಷ್ಟೊಂದೆಲ್ಲ ಬೇಡ...”

“ಸುಮ್ನಿರು. ಯಾರ ಉಪಕಾರಾನೂ ಇಟ್ಕೊಳ್ಳೋಳಲ್ಲ ನಾನು. ಕೊಡೋಕೆ ಅವನಿಗಿಂತ ದೊಡ್ಡದು ನನ್ನ ಹತ್ರ ಏನೂ ಇಲ್ಲ. ನಿನ್ನ ಋಣ ತೀರ್ತು.”

ತೆರೆ ಕಪ್ಪಾಯಿತು. ಗೀತಾ ಅಲ್ಲೇ ಮೆಟ್ಟಿಲ ಮೇಲೆ ಕೂತು ತನ್ನ ಮೊಬೈಲಿನಲ್ಲಿ ಬಾಡಿಗೆಮನೆಗಳ ಪಟ್ಟಿ ತೆಗೆದಳು. ಬಹಳ ಹೊತ್ತು ಬೆರಳಾಡಿಸಿದಳು.

“ರೀ, ಪ್ರಾಣಿ ಸಾಕೋ ಹಾಗಿಲ್ಲ ಅಂತ ಎಲ್ಲರೂ ಹಾಕಿದ್ದಾರೆ,” ಎಂದಳು ಕೊನೆಗೆ. “ಇದು ಎಷ್ಟು ದಿನ ಇರತ್ತೆ, ಡಾಕ್ಟರನ್ನ ಕೇಳಿದ್ರಾ?”

“ಕೇಳ್ದೆ.” ಸತ್ಯಪ್ರಕಾಶ ಕಲ್ಲಿನ ಮೇಲೆ ಇನ್ನೊಂದು ಎಲೆ ಇಟ್ಟ. “ಚೆನ್ನಾಗಿ ನೋಡ್ಕೊಂಡ್ರೆ ಇನ್ನೂ ಐವತ್ತು ವರ್ಷ ಅಂದ್ರು.”