ವಿಲೆ ಪಾರ್ಲೆಯಲ್ಲಿ ಉದುರಿದ ಉಣ್ಣೆ

ಒಂದು ಸಾಮಾನು ಕೊಂಡ ಮೇಲೆ ಅದರ ಬೆಲೆಯನ್ನು ನಾಲ್ಕು ಜನಕ್ಕೆ ಹೇಳುವ ತನಕ ಕೊಂಡ ಕೆಲಸ ಪೂರ್ತಿಯಾಗುವುದಿಲ್ಲ ಎಂದು ನಂಬಿದವನು ನಾನು. ತಿಂಡಿ ತಿಂದು ಚಹಾ ಕುಡಿಯದಿದ್ದರೆ ಹೇಗೋ ಹಾಗೆ. ಉಡುಪಿ ಕಡೆಯಿಂದ ಒಂದು ಕೈಚೀಲ ಹಿಡಿದು ಮುಂಬಯಿಗೆ ಬಂದವನು ಇಂದು ವಿಕ್ರೋಳಿಯ ನಾಲ್ಕಾರು ಕ್ಯಾಂಟೀನುಗಳಿಗೆ ತರಕಾರಿ ಪೂರೈಸುತ್ತ, ಭಾಂಡುಪ್‌ನಲ್ಲಿ ಸ್ವಂತದ್ದೊಂದು ಫ್ಲ್ಯಾಟು ಮಾಡಿಕೊಂಡಿದ್ದರೆ ಅದು ದೇವರ ದಯೆ ಎಂದು ನನ್ನ ಹೆಂಡತಿ ವಸಂತಿ ಹೇಳುತ್ತಾಳೆ. ದಯೆ ದೇವರದ್ದೇ ಇರಬಹುದು, ಆದರೆ ಬೆಳಗಿನ ಹೊತ್ತು ವಾಶಿ ಮಾರ್ಕೆಟ್ಟಿನಲ್ಲಿ ನಿಂತು ಚೌಕಾಶಿ ಮಾಡಿದವನು ನಾನು. ನಮ್ಮ ಬಿಲ್ಡಿಂಗಿನಲ್ಲಿ ಮಿಕ್ಸರ್ ಕೊಳ್ಳುವವರಿಂದ ಮಂಗಳಸೂತ್ರ ಮಾಡಿಸುವವರವರೆಗೆ ಎಲ್ಲರೂ ಮೊದಲು ನನ್ನನ್ನು ಕೇಳುತ್ತಾರೆ. ಕೇಳದವರಿಗೂ ನಾನು ಹೇಳುತ್ತೇನೆ. ಕೊಡೆಯನ್ನು ಮಳೆ ಬಿಟ್ಟ ಮೇಲೆ ಕೊಳ್ಳಿ, ಸ್ವೆಟರನ್ನು ಸಂಕ್ರಾಂತಿ ಕಳೆದ ಮೇಲೆ. ಬೇಕಾದ ವಸ್ತುವನ್ನು ಮೊದಲು ಮುಟ್ಟಬೇಡಿ, ಪಕ್ಕದ್ದನ್ನು ಮುಟ್ಟಿ. ಅರ್ಧಕ್ಕೆ ಕೇಳಿ, ಬೆನ್ನು ತಿರುಗಿಸಿ, ನಿಧಾನವಾಗಿ ನಡೆಯಿರಿ. ಬೇಗ ನಡೆದರೆ ಅವನು ಕರೆದದ್ದು ನಿಮಗೆ ಕೇಳಿಸುವುದಿಲ್ಲ.

ಇಷ್ಟೆಲ್ಲ ಬಲ್ಲವನು ಮೊನ್ನೆ ಸಂಕ್ರಾಂತಿ ಕಳೆದ ವಾರ ಭಾಂಡುಪ್ ಸ್ಟೇಷನ್ನಿನ ಹೊರಗೆ ಒಂದು ಜೊತೆ ಕುರಿಚರ್ಮದ ಬೂಟು ಕೊಂಡೆ. ಮುಂಬಯಿಯ ಚಳಿ ನಿಮಗೆ ಗೊತ್ತು. ಅದು ಬರುವುದು ಊರಿನಿಂದ ಬರುವ ನೆಂಟರ ಹಾಗೆ, ಬಂತು ಎನ್ನುವಷ್ಟರಲ್ಲಿ ಹೊರಟಿರುತ್ತದೆ. ಆದರೆ ಅಷ್ಟರೊಳಗೆ ನನ್ನ ಹಿಮ್ಮಡಿ ಒಡೆದು ಗದ್ದೆಯ ಹಾಗಾಗುತ್ತದೆ. ಬೂಟಿನ ಹೊರಗೆ ಕಂದು ಬಣ್ಣ, ಒಳಗೆ ಬೆಳ್ಳಗೆ ಮೆತ್ತಗಿನ ಉಣ್ಣೆ. ಅಸಲಿ ಕುರಿಯದ್ದು, ಸಾಕ್ಸ್ ಇಲ್ಲದೆ ಹಾಕಬೇಕು, ಕುರಿ ಎಲ್ಲಾದರೂ ಸಾಕ್ಸ್ ಹಾಕುತ್ತದೆಯೇ ಎಂದು ಮಾರುವವನು ಹಿಂದಿಯಲ್ಲಿ ಕೇಳಿದ. ಅಸಲಿಯೋ ನಕಲಿಯೋ ನೋಡುವ ಉಪಾಯ ನನಗೆ ಗೊತ್ತಿಲ್ಲದ್ದಲ್ಲ. ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದರೆ ಸಾಕು, ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ. ಎಷ್ಟೋ ಜನಕ್ಕೆ ಇದನ್ನು ಹೇಳಿಕೊಟ್ಟಿದ್ದೇನೆ. ಆ ದಿನ ಮಾತ್ರ ಮಾಡಲಿಲ್ಲ. ಬೆಲೆ ಅಷ್ಟು ಚೆನ್ನಾಗಿ ಇಳಿದಿತ್ತು. ಅಷ್ಟು ಕಡಿಮೆಗೆ ಸಿಕ್ಕಿದ್ದನ್ನು ಪರೀಕ್ಷಿಸಲು ಬೇರೆಯದೇ ಧೈರ್ಯ ಬೇಕು. ಎಷ್ಟಕ್ಕೆ ಎಂದು ಆಮೇಲೆ ಹೇಳುತ್ತೇನೆ.

ಅದೇ ಭಾನುವಾರ ನಾವು ಮದುವೆಯ ಮಾತಿಗೆ ವಿಲೆ ಪಾರ್ಲೆಗೆ ಹೋಗುವುದಿತ್ತು. ನನ್ನ ಮಗ ನಿತಿನ್ ಮತ್ತು ಅಲ್ಲಿಯ ಶ್ರುತಿ ಒಂದೇ ಆಫೀಸಿನವರು, ಒಬ್ಬರನ್ನೊಬ್ಬರು ಮೆಚ್ಚಿಕೊಂಡವರು. ಹುಡುಗಿಯ ಅಪ್ಪ ಭಾಸ್ಕರರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮೃದು ಸ್ವಭಾವ. ಆದರೆ ಆ ಮನೆಯಲ್ಲಿ ಹೂಂ ಎನ್ನಬೇಕಾದವರು ಅವರ ತಾಯಿ. ಅಜ್ಜಿ ಒಲ್ಲೆ ಎಂದರೆ ಮುಂದೆ ಮಾತಿಲ್ಲ ಎಂದು ಶ್ರುತಿ ಮೊದಲೇ ತಿಳಿಸಿದ್ದಳು. ಆದ್ದರಿಂದ ಹೊರಡುವಾಗ ನಿತಿನ್ ನನ್ನನ್ನು ಪಕ್ಕಕ್ಕೆ ಕರೆದ. ಕನ್ನಡದಲ್ಲಿ ಅವನಿಗೆ ಪೂರ್ತಿ ವಾಕ್ಯ ಕಷ್ಟ, ಆದರೂ ಗೌರವಕ್ಕೆಂದು ಕನ್ನಡದಲ್ಲೇ ಹೇಳಿದ. “ಪಪ್ಪಾ, ಪ್ಲೀಸ್. ಅಲ್ಲಿ ಸೋಫಾದ್ದು ರೇಟ್ ಕೇಳಬೇಡಿ. ನಮ್ದು ಯಾವುದ್ದೂ ರೇಟ್ ಹೇಳಬೇಡಿ. ಬಸ್, ಸುಮ್ನೆ ಕೂತುಕೊಳ್ಳಿ.” ನಾನು ತಲೆಯಾಡಿಸಿದೆ. ಹಿಮ್ಮಡಿಗೆ ದಪ್ಪನಾಗಿ ಮುಲಾಮು ಬಳಿದುಕೊಂಡು ಬೂಟಿನೊಳಗೆ ಕಾಲು ತೂರಿಸಿದೆ. ಚಪ್ಪಲಿ ಹಾಕಿ ಮಾರಾಯ್ರೆ, ಮಧ್ಯಾಹ್ನದ ಬಿಸಿಲುಂಟು ಎಂದು ವಸಂತಿ ಹೇಳಿದ್ದು ನಿಜ. ಬೆಲೆ ಹೇಳುವಂತಿಲ್ಲ ಎಂದ ಮೇಲೆ ವಸ್ತುವಾದರೂ ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂಬ ನನ್ನ ಆಸೆ ಅವಳಿಗೆ ಅರ್ಥವಾಗುವಂಥದ್ದಲ್ಲ.

ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಲೋಕಲ್ ಹಿಡಿಯುವಷ್ಟರಲ್ಲಿ ಬೂಟಿನೊಳಗೆ ಇಡ್ಲಿ ಬೇಯಿಸಬಹುದಿತ್ತು. ಭಾಸ್ಕರರ ಬಾಗಿಲಲ್ಲಿ ಚಪ್ಪಲಿಗಳ ಸಾಲು ಕಂಡಾಗಲೇ ನನಗೆ ನೆನಪಾದದ್ದು, ನಮ್ಮ ಜನರ ಮನೆಗೆ ಎಂಥ ಬೂಟು ಹಾಕಿಹೋದರೂ ಹೊಸಿಲಿನ ಹೊರಗೆ ಬಿಡಬೇಕು ಎಂಬುದು. ಬಿಚ್ಚಿದೆ. ಬೂಟು ಒಂದು ಕಡೆ ಬಂತು, ಉಣ್ಣೆ ನನ್ನ ಜೊತೆಗೇ ಬಂತು. ಮುಲಾಮು, ಬೆವರು ಎರಡೂ ಸೇರಿ ಹಿಡಿದುಕೊಂಡಿದ್ದವು. ಕಣಕಾಲಿನವರೆಗೆ ನಾನು ಬೆಳ್ಳಗಾಗಿದ್ದೆ. ಭಾಸ್ಕರರು ನನ್ನ ಕಾಲು ನೋಡಿ ಬಹಳ ಮರ್ಯಾದೆಯಿಂದ, “ಸಾಕ್ಸ್ ಇರ್ಲಿ, ತೆಗೀಬೇಕಂತ ಏನಿಲ್ಲ” ಎಂದರು. ತೆಗೆಯುವ ಹಾಗಿದ್ದರೆ ತೆಗೆಯುತ್ತಿರಲಿಲ್ಲವೇ. ಅಂಥ ಕಾಲಲ್ಲೇ ಒಳಗೆ ನಡೆದೆ. ಅವರದ್ದು ಕರಿಕಲ್ಲಿನ ನೆಲ, ಕನ್ನಡಿಯ ಹಾಗೆ ಒರೆಸಿಟ್ಟದ್ದು. ಬಾಗಿಲಿನಿಂದ ಸೋಫಾದವರೆಗೆ ನಾನು ಬಂದ ದಾರಿ ಹೆಜ್ಜೆಹೆಜ್ಜೆಯಾಗಿ ಕಾಣುತ್ತಿತ್ತು.

ಅಷ್ಟಕ್ಕೇ ನಿಂತಿದ್ದರೆ ಕಾಲನ್ನು ಟೀಪಾಯಿಯ ಅಡಿಗೆ ಸರಿಸಿ ಕಾಲ ಕಳೆಯಬಹುದಿತ್ತು. ನಾನು ಬೆವರುವುದನ್ನು ಕಂಡು ಭಾಸ್ಕರರು ಫ್ಯಾನ್ ಹಾಕಿದರು. ಎಳೆಗಳೆಲ್ಲ ಮೆಲ್ಲಗೆ ಎದ್ದವು. ಒಂದು ಶ್ರುತಿ ತಂದ ಶಿರಾದ ಮೇಲೆ ಕೂತಿತು, ಒಂದು ಭಾಸ್ಕರರ ಮೀಸೆಯ ಮೇಲೆ. ನಿತಿನ್ ನೆಲ ನೋಡುತ್ತಿದ್ದ, ನೆಲದಲ್ಲೂ ಅದೇ ಇತ್ತು. ಶ್ರುತಿ ಹಿಡಿಸೂಡಿ ತರಲು ಎದ್ದಳು. ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ, ನೆಂಟರು ಕೂತಿರುವಾಗ ಗುಡಿಸಬಾರದೆಂದು ಅವಳನ್ನು ಕೂರಿಸಿದರು. ಆಮೇಲೆ ತಮ್ಮ ಮಡಿಲಿಗೆ ಬಂದ ಎಳೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದೆಂತದು, ಬೂರುಗದ ಕಾಯಿ ಒಡೆದ ಹಾಗೆ?” ಎಂದು ಕೇಳಿದರು.

ಭಾಸ್ಕರರು ಒಳ್ಳೆಯವರು. ಅಸಲಿ ಕುರಿಚರ್ಮವಾದರೆ ಹೊಸತರಲ್ಲಿ ಸ್ವಲ್ಪ ಉದುರುತ್ತದೆ ಎಂದು ನನ್ನ ಪರವಾಗಿ ಹೇಳಿದರು. ಅಲ್ಲಿಗೆ ನಾನು ಹೌದೆಂದು ಸುಮ್ಮನಾಗಬೇಕಿತ್ತು. ಆದರೆ ಸಲಹೆ ಕೊಡುವ ಬಾಯಿಗೆ ಒಂದು ತುದಿ ಸಿಕ್ಕಿದರೆ ಸಾಕಲ್ಲ. ಅಸಲಿಯನ್ನು ಗುರುತಿಸುವುದು ಬಹಳ ಸುಲಭ ಎಂದು ಶುರು ಮಾಡಿ, ಎಳೆ ಸುಡುವುದು, ಕೂದಲಿನ ವಾಸನೆ, ಬೂದಿ, ಎಲ್ಲವನ್ನೂ ವಿವರವಾಗಿ ಹೇಳಿದೆ. ಪೇಟೆಯಲ್ಲಿ ಮೋಸ ಹೋಗುವವರು ಇದನ್ನು ತಿಳಿಯದವರು ಎಂದೂ ಸೇರಿಸಿದೆ. ಅಜ್ಜಿ ಗಮನವಿಟ್ಟು ಕೇಳಿದರು. ಕೇಳಿ, “ಶ್ರುತೀ, ಬೆಂಕಿಪೆಟ್ಟಿಗೆ ತಾ” ಎಂದರು.

ಕಡ್ಡಿ ಗೀರಿದ್ದು ಅಜ್ಜಿಯೇ. ಬಸಿಯ ಮೇಲೆ ಹಿಡಿದ ಎಳೆ ಉರಿಯಲಿಲ್ಲ, ನಾಚಿಕೊಂಡ ಹಾಗೆ ಮುದುಡಿ, ಕರಗಿ, ಒಂದು ಕಪ್ಪು ಮಣಿಯಾಗಿ ಬಸಿಗೆ ಬಿತ್ತು. ಕೋಣೆಯಲ್ಲಿ ಪ್ಲಾಸ್ಟಿಕ್ ಬಕೇಟು ಸುಟ್ಟ ವಾಸನೆ. ನಿತಿನ್‌ನ ಮುಖ ನೋಡಿದೆ. ಚಿಕ್ಕವನಿರುವಾಗ ಶಾಲೆಯ ಅಂಗಡಿಯಲ್ಲಿ ನಾನು ಪೆನ್ಸಿಲಿಗೆ ಚೌಕಾಶಿ ಮಾಡಿದರೆ ಇದೇ ಮುಖ ಮಾಡಿ ದೂರ ನಿಲ್ಲುತ್ತಿದ್ದ. ಆಗ ಅವನಿಗೆ ದೂರ ನಿಲ್ಲಲು ಜಾಗವಿತ್ತು.

“ಎಷ್ಟು ಕೊಟ್ರಿ ಇದಕ್ಕೆ?” ಎಂದು ಅಜ್ಜಿ ಕೇಳಿದರು.

ಜೀವಮಾನವೆಲ್ಲ ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ. ಆ ದಿನ ಮಾತ್ರ ಉತ್ತರಕ್ಕೂ ಮೊದಲು ಲೆಕ್ಕ ಹಾಕಬೇಕಾಯಿತು. ಹೆಚ್ಚು ಹೇಳಿದರೆ ಪೆದ್ದನಾಗುತ್ತೇನೆ, ಕಡಿಮೆ ಹೇಳಿದರೆ ನಕಲಿಯೆಂದು ತಿಳಿದೇ ಹಾಕಿಬಂದವನಾಗುತ್ತೇನೆ. ಕೊನೆಗೆ ನಿಜವನ್ನೇ ಹೇಳಿದೆ. ಏಳುನೂರು.

“ಏಳ್ನೂರಕ್ಕೆ ಕುರಿಯ ಬಾಲ ಸಹ ಬರುದಿಲ್ಲ ಮಾರಾಯ್ರೆ” ಎಂದರು ಅಜ್ಜಿ.

ಪಕ್ಕದಲ್ಲಿ ಕೂತಿದ್ದ ವಸಂತಿ ಆಗ ನನ್ನ ಕಡೆ ತಿರುಗಿದಳು. “ಏಳ್ನೂರಾ? ಮನೆಯಲ್ಲಿ ನಾನೂರು ಅಂತ ಹೇಳಿದ್ದಲ್ವಾ ನೀವು?”

ಕಾಲಿಗಂಟಿದ ಉಣ್ಣೆಯ ನಾಚಿಕೆ ಒಂದು ತೂಕವಾದರೆ ಇದು ಹತ್ತು ತೂಕ. ಇಷ್ಟು ವರ್ಷ ಮನೆಗೆ ತಂದದ್ದರ ಬೆಲೆಯನ್ನೆಲ್ಲ ನಾನು ಮಾರುವವನ ಹತ್ತಿರ ಒಮ್ಮೆ ಇಳಿಸುತ್ತಿದ್ದೆ, ಹೆಂಡತಿಯ ಹತ್ತಿರ ಹೇಳುವಾಗ ಇನ್ನೊಮ್ಮೆ. ಮಿಕ್ಸರು, ಕುಕ್ಕರು, ಮೊನ್ನೆಯ ಕಂಬಳಿ, ಒಂದೊಂದಾಗಿ ಅವಳ ಕಣ್ಣಲ್ಲಿ ಹಾದುಹೋಗುವುದು ನನಗೆ ಕಾಣುತ್ತಿತ್ತು. ಮೊದಲು ನಕ್ಕದ್ದು ಅಜ್ಜಿ, ಸದ್ದಿಲ್ಲದೆ, ಹೊಟ್ಟೆ ಕುಲುಕಿಸಿಕೊಂಡು. ನಗು ಒಂದು ಹದಕ್ಕೆ ಬಂದ ಮೇಲೆ ಕಣ್ಣೊರೆಸಿಕೊಂಡು ನಿತಿನ್‌ನನ್ನು ಹತ್ತಿರ ಕರೆದು, ನೀನೂ ಹೀಗೆಯೇ ಸುಳ್ಳು ಹೇಳುವವನಾ ಎಂದು ಕೇಳಿದರು. ಅವನು ಅರ್ಧ ಕನ್ನಡದಲ್ಲಿ, “ನಾನು ಆನ್‌ಲೈನ್ ತಗೊಳ್ತೇನೆ ಅಜ್ಜಿ, ಬಿಲ್ ಇರ್ತದೆ” ಎಂದ. ಅಜ್ಜಿ ಮತ್ತೇನೂ ಕೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ನಾವು ಹೊರಟಾಗ ಶ್ರುತಿಗೆ, ಹೋದವರು ಮನೆ ಮುಟ್ಟುವ ತನಕ ಹಿಡಿಸೂಡಿ ಮುಟ್ಟಬೇಡ ಎಂದು ಎಚ್ಚರಿಸಿದ್ದು ಮಾತ್ರ ನನಗೆ ಕೇಳಿಸಿತು.

ಹಿಂದಿರುಗುವಾಗ ಲೋಕಲಿನಲ್ಲಿ ಮೂವರೂ ಮೂರು ದಿಕ್ಕು ನೋಡಿಕೊಂಡು ಕೂತಿದ್ದೆವು. ದಾದರಿನಲ್ಲಿ ಗಾಡಿ ಬದಲಿಸಿ ಸ್ವಲ್ಪ ಹೊತ್ತಾಗಿತ್ತು. ನಿತಿನ್‌ನ ಫೋನ್ ಬಡಿಯಿತು. ಮಾತಾಡಿದವನು ಫೋನನ್ನು ನನ್ನ ಕಡೆ ಚಾಚಿದ. ಶ್ರುತಿ. “ಅಂಕಲ್, ಮನೆ ಮುಟ್ಟಿದ್ರಾ? ಅಜ್ಜಿಗೆ ಗುಡಿಸ್ಬೇಕಂತೆ. ಮತ್ತೆ, ಬರುವ ಭಾನುವಾರ ನಿಮ್ಮ ಮನೆಗೆ ಬರ್ತಾರಂತೆ, ಅದೂ ಹೇಳ್ಲಿಕ್ಕೆ ಹೇಳಿದ್ರು.”

ಕಣ್ಣು ತುಂಬಿ ಬಂತು. ಆ ಒಳ್ಳೆಯ ಜನ ನನ್ನಿಂದಾಗಿ ಉಣ್ಣೆಯ ನಡುವೆ ಕೂತಿದ್ದಾರಲ್ಲ ಎಂದು ಮರುಕವಾಗಿ, “ಮುಟ್ಟಿದೆವಮ್ಮ, ಈಗಷ್ಟೇ. ಗುಡಿಸ್ಲಿಕ್ಕೆ ಹೇಳು” ಎಂದುಬಿಟ್ಟೆ. ನನ್ನ ತಲೆಯ ಮೇಲಿನ ಸ್ಪೀಕರ್ ಆಗಲೇ ಮರಾಠಿಯಲ್ಲಿ ಸ್ಪಷ್ಟವಾಗಿ ಕೂಗಿತು: ಪುಢೀಲ್ ಸ್ಟೇಷನ್, ಕುರ್ಲಾ. ಮುಂದಿನ ಸ್ಟೇಷನ್ ಕುರ್ಲಾ ಎಂದರೆ ಭಾಂಡುಪ್‌ಗೆ ಇನ್ನೂ ಅರ್ಧ ದಾರಿ.

ಆ ಕಡೆ ಯಾರೋ ಹಿಂದಿನಿಂದ ಏನೋ ಹೇಳಿದರು. ಶ್ರುತಿ ನಗು ಹಿಡಿದುಕೊಂಡು, “ಅಂಕಲ್, ದಾರಿಯನ್ನೂ ಅರ್ಧಕ್ಕೆ ಇಳಿಸ್ಬೇಡಿ ಅಂತ ಹೇಳ್ತಾರೆ ಅಜ್ಜಿ. ಅವ್ರು ಕಾಯ್ತಾರಂತೆ” ಎಂದಳು.

ಭಾಂಡುಪ್‌ನಲ್ಲಿ ಇಳಿದು, ಜೋರಾಗಿ ನಡೆದು, ಮೂರು ಮಾಳಿಗೆ ಹತ್ತಿ, ಬಾಗಿಲಲ್ಲಿ ಬೂಟು ಬಿಚ್ಚಿ, ಮನೆ ಮುಟ್ಟಿದ ಸುದ್ದಿ ಕೊಡಲು ಫೋನ್ ಎತ್ತಿದೆ. “ಒಳಗೆ ಬಂದು ಮಾಡಿ” ಎಂದಳು ವಸಂತಿ. ನೋಡಿದರೆ ಹೌದು, ನಾನಿನ್ನೂ ಹೊಸಿಲಿನ ಹೊರಗೇ ನಿಂತಿದ್ದೆ.