ಬೆಲ್ಲ ತಿಂದು ಬರೆಯುವ ಕಮೆಂಟು

ನಮ್ಮ ಅತ್ತೆಗೆ ಫೇಸ್‌ಬುಕ್‌ನಿಂದಾಗಿ ಸಕ್ಕರೆ ಕಾಯಿಲೆ ಹೆಚ್ಚಾಯಿತು ಎಂದರೆ ನೀವು ನಂಬುವುದಿಲ್ಲ. ಕುಂದಾಪುರದ ಡಾಕ್ಟರೂ ಮೊದಲು ನಂಬಲಿಲ್ಲ!

ಸಂಗತಿ ಇಷ್ಟೇ. ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಬೆಲ್ಲ, ನೀರು, ಆಮೇಲೆ ಮಾತು. ತೆಕ್ಕಟ್ಟೆಯಲ್ಲಿರುವ ಈ ಅತ್ತೆಯ, ಅಂದರೆ ಅಪ್ಪನ ಅಕ್ಕನ, ಪ್ರಕಾರ ಇನ್ನೊಬ್ಬರ ಪೋಸ್ಟ್ ತೆರೆಯುವುದೂ ಅವರ ಜಗಲಿ ಹತ್ತಿದ ಹಾಗೆಯೇ. ಆಚೆಯವರು ಮೊಬೈಲ್ ಒಳಗಿನಿಂದ ಬೆಲ್ಲ ಕೊಡಲಾದೀತೇ? ಹಾಗಾಗಿ ಅತ್ತೆಯೇ ಡಬ್ಬಿ ತೆರೆದು, ಒಂದು ತುಂಡು ಬಾಯಿಗೆ ಹಾಕಿ, ನೀರು ಕುಡಿದು, ಆಮೇಲೆ ಕಮೆಂಟು ಬರೆಯುತ್ತಿದ್ದರು. ಬೆಲ್ಲ ಕರಗುವಷ್ಟರಲ್ಲಿ ಸಿಟ್ಟೂ ಇಳಿದಿರುತ್ತದಂತೆ. ಹೆದ್ದಾರಿ ಹೊಂಡದ ಫೋಟೋಗಳು ಬಂದ ವಾರವಂತೂ ಡಬ್ಬಿಯೇ ಖಾಲಿ!

ಡಾಕ್ಟರು ಬೆಲ್ಲ ಬಂದ್ ಮಾಡಿದರು. ಕಮೆಂಟು ಬಂದ್ ಮಾಡಲು ಯಾರಿಂದ ಸಾಧ್ಯ? ಈಗ ಬರೀ ನೀರು. ಕರೆಂಟು ಇರುವುದಿಲ್ಲ ಎಂಬ ಪ್ರಕಟಣೆಯ ಕೆಳಗೂ, ಮುಂಚೆ ತಿಳಿಸಿದ್ದು ಒಳ್ಳೆಯದಾಯಿತು, ಅಕ್ಕಿ ರುಬ್ಬಿಟ್ಟೆ, ಕಂಬ ಹತ್ತುವವರು ಜಾಗ್ರತೆ ಎಂದು ಬರೆದ ಮಹಾತಾಯಿ ಇವರು.

ಇಂಥದರಲ್ಲಿ ನನ್ನ ತಂಗಿ ಅಡುಗೆ ವಿಡಿಯೊ ಶುರು ಮಾಡಿದಳು. ಮೊದಲನೆಯದೇ ಬಂಗುಡೆ ಸಾರು. ಮೀನು ಪುಡಿಪುಡಿಯಾಗಿತ್ತು, ಸುಳ್ಳಲ್ಲ. ಆದರೆ ಕೆಳಗೆ ಬಂದ ಕಮೆಂಟುಗಳೋ! ಇದನ್ನು ಬೆಕ್ಕೂ ಮೂಸುವುದಿಲ್ಲ ಎಂದು ಒಬ್ಬ. ಮನೆಯವರು ಬದುಕಿದ್ದಾರಾ ಎಂದು ಇನ್ನೊಬ್ಬ. ತಂಗಿ ಅತ್ತೂ ಅತ್ತೂ, ವಿಡಿಯೊ ತೆಗೆದುಹಾಕುತ್ತೇನೆ, ಇನ್ನು ಯಾರಿಗೂ ಮುಖ ತೋರಿಸುವುದಿಲ್ಲ ಎಂದು ಕೂತಳು. ನನಗೆ ಮೈಯೆಲ್ಲ ಉರಿ. ಅವರ ಏಳು ತಲೆಮಾರಿನವರೆಗೂ ಬೈಯಲು ಹೊರಟಿದ್ದೆ. ಮನೆಗೆ ಬಂದಿದ್ದ ಅತ್ತೆ ನನ್ನ ಕೈಗೆ ನೀರಿನ ಲೋಟ ಕೊಟ್ಟು ಕೂರಿಸಿದರು.

ಆಮೇಲೆ ಕನ್ನಡಕ ಏರಿಸಿ, ತಂಗಿಯ ಪಕ್ಕದಲ್ಲೇ ಕೂತು ಟೈಪು ಮಾಡತೊಡಗಿದರು. ಇಲ್ಲೇ ಇದ್ದಾಳಲ್ಲ, ಬಾಯಲ್ಲೇ ಹೇಳಬಾರದೇ ಎಂದೆ.

"ಇಲ್ಲ್ ಹೇಳ್ರೆ ಅವ್ಳೊಬ್ಳಿಗೇ ಕೇಂತ್. ನಗಾಡ್ದದ್ ಎಲ್ಲರ್ ಎದ್ರಿಗ್ ಅಲ್ದಾ? ಲಾಯ್ಕಿತ್ತ್ ಅಂಬುದೂ ಎಲ್ಲರ್ ಎದ್ರಿಗೇ ಹೇಳ್ಕ್."

ಚೆನ್ನಾಗಿದೆ ಎಂದು ಎಲ್ಲರೆದುರು ಹೇಳಿದ ಆ ಕಮೆಂಟು ಹೀಗಿತ್ತು: "ಮಗಾ, ಮಸಾಲಿ ಬಣ್ಣ ಲಾಯ್ಕ್ ಬಂದಿತ್ತ್. ಮೀನ್ ಹಾಕಿದ್ ಮೇಲೆ ಸೌಟ್ ಮುಟ್ಬೇಡ, ಪಾತ್ರಿ ಹಿಡ್ದ್ ತಿರ್ಗ್ಸ್. ಒಡೂದಿಲ್ಲ. ಇನ್ನೊಂದ್ ಸಲ ಮಾಡ್, ನಾನ್ ಕಾಂತೆ."

ಇನ್ನೊಮ್ಮೆ ಮಾಡು, ನಾನು ನೋಡುತ್ತೇನೆ ಎಂದಿದ್ದನ್ನು ತಂಗಿ ಓದಿದಳು. ಕಣ್ಣೊರೆಸಿಕೊಂಡು ಮತ್ತೊಮ್ಮೆ ಓದಿದಳು.

"ಅತ್ತೆ, ಬಂಗ್ಡಿ ಇನ್ನೂ ಇತ್ತ್. ಈಗ್ಳೇ ಮಾಡ್ಲಾ?"

ಅವಳು ಒಲೆ ಹಚ್ಚಿದಳು. ಅತ್ತೆ ವಿಡಿಯೊ ಹಿಡಿಯಲು ನಿಂತರು. ನನಗೆ ಆ ಮುದುಕಿಯ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಡಾಕ್ಟರು ಬೈದರೆ ಬೈಯಲಿ ಎಂದು ನಮ್ಮ ಮನೆಯ ಡಬ್ಬಿ ತೆರೆದು, ಒಂದೇ ಒಂದು ಚೂರು ಬೆಲ್ಲ ತಂದು ಅವರ ಬಾಯಿಗೆ ಹಾಕಿದೆ.